ಗಾಯದ ಬಾಯಿಯಲ್ಲಿ ರಕ್ತವು ನಿಲ್ಲುವುದು ಹೇಗೆ?

ಡೆಂಗೆ ಜ್ವರವು ನಮ್ಮ ಊರುಗಳಿಗೆ ಕಾಲಿಟ್ಟ ಮೇಲೆ, ಶಾಲೆಯ ಮೆಟ್ಟಿಲನ್ನೇ ಹತ್ತದ ಹಿರಿಯರ ಬಾಯಲ್ಲಿಯೂ ‘ಪ್ಲೇಟ್‌ಲೆಟ್’ ಎಂಬ ಮಾತು ನೆಲೆಯೂರಿದೆ. “ಮಗುವಿಗೆ ಎಷ್ಟಿದೆಯಂತೆ?” ಎಂದು ಒಬ್ಬರು ಕೇಳುತ್ತಾರೆ. “ನಿನ್ನೆ ಎಂಬತ್ತು ಸಾವಿರ, ಇಂದು ತೊಂಬತ್ತಕ್ಕೆ ಏರಿದೆ” ಎಂದು ಇನ್ನೊಬ್ಬರು ಸಮಾಧಾನದಿಂದ ಉತ್ತರಿಸುತ್ತಾರೆ. ಪರಂಗಿ ಎಲೆಯ ರಸವನ್ನು ಹಿಂಡುವವರು ಹಿಂಡುತ್ತಲೇ ಇರುತ್ತಾರೆ. ನಮ್ಮ ಕನ್ನಡ ಪಠ್ಯಪುಸ್ತಕಗಳು ಇವುಗಳನ್ನು ಕಿರುತಟ್ಟೆಗಳೆಂದು ಕರೆದಿವೆ. ನಾನೂ ಆ ಹೆಸರನ್ನೇ ಬಳಸುತ್ತೇನೆ. ಎಣಿಕೆಯು ಮುಖ್ಯವೇ ಸರಿ. ಆದರೆ ಮೂರು ದಶಕಗಳಿಗೂ ಮೇಲ್ಪಟ್ಟು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ನನ್ನಂಥವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಹಾಜರಿಯು ಪೂರ್ತಿಯಿದ್ದ ಮಾತ್ರಕ್ಕೆ ಪಾಠ ನಡೆದಿದೆ ಎಂದು ಅರ್ಥವಲ್ಲ. ಕಿರುತಟ್ಟೆಗಳು ಎಷ್ಟಿವೆ ಎಂಬುದು ಒಂದು ಪ್ರಶ್ನೆ. ಅವುಗಳಿಗೆ ಹಿಡಿಯುವ ಕೈಗಳಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಯು ನಮ್ಮ ಭಾಗದ ಕೆಲವು ಮನೆಗಳಿಗೆ ಬರಿಯ ವಿಜ್ಞಾನದ ಕುತೂಹಲವಲ್ಲ.

ಮೊದಲು ಕಿರುತಟ್ಟೆ ಎಂದರೇನು ಎಂಬುದನ್ನು ನೋಡೋಣ. ಮೂಳೆಯ ಮಜ್ಜೆಯಲ್ಲಿರುವ ದೈತ್ಯಗಾತ್ರದ ಕೋಶಗಳಿಂದ ಸಿಡಿದು ಬೇರ್ಪಟ್ಟ ಚೂರುಗಳೇ ಇವು. ಇವುಗಳಿಗೆ ಕೋಶಕೇಂದ್ರವಿಲ್ಲ. ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗದಷ್ಟು ಅಗಲ. ಆಯುಷ್ಯವು ಏಳರಿಂದ ಹತ್ತು ದಿನ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. 1882ರಲ್ಲಿ ಇಟಲಿಯ ಬಿಜ್ಜೊಜೆರೊ ಎಂಬ ವಿಜ್ಞಾನಿಯು ಪ್ರಾಣಿಗಳ ಸೂಕ್ಷ್ಮ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡುತ್ತಾ, ನಾಳಕ್ಕೆ ಪೆಟ್ಟಾದ ಕಡೆ ಮೊದಲು ಬಂದು ಅಂಟುವವು ಕೆಂಪು ಕಣಗಳೂ ಅಲ್ಲ, ಬಿಳಿ ಕಣಗಳೂ ಅಲ್ಲ, ಈ ಪುಟ್ಟ ತಟ್ಟೆಗಳೇ ಎಂಬುದನ್ನು ಕಂಡುಕೊಂಡನು. ಅಂಟುವುದು ಹೇಗೆ ಎಂಬುದು ಸ್ಪಷ್ಟವಾಗಲು ಮಾತ್ರ ಮತ್ತೆ ಸುಮಾರು ನೂರು ವರ್ಷಗಳೇ ಹಿಡಿದವು.

ಸೇಲಂ ನಗರದ ನೇಕಾರರ ಬೀದಿಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ರಕ್ತನಾಳದ ರಚನೆಯನ್ನು ವಿವರಿಸುವುದು ಸುಲಭ. ನಾಳದ ಒಳಮೈಗೆ ಒಂದೇ ಒಂದು ಪದರದ ಕೋಶಗಳ ನುಣುಪಾದ ಹೊದಿಕೆಯಿದೆ. ಅದನ್ನು ಒಳಪೊರೆ ಎನ್ನೋಣ. ಅದರ ಕೆಳಗಿರುವುದು ಕೋಶಗಳಲ್ಲ, ಕೋಶಗಳೇ ನೂತು ಹೊರಗೆ ಹಾಕಿದ ಎಳೆಗಳ ಒಂದು ನೇಯ್ಗೆ. ಅದರ ಹಾಸು ಕೊಲ್ಯಾಜನ್ ಎಂಬ ಪ್ರೋಟೀನು. ಮೂರು ಎಳೆಗಳನ್ನು ಸೇರಿಸಿ ಹುರಿಗೊಳಿಸಿದಂತೆ ಅದರ ರಚನೆ, ಗಟ್ಟಿತನವೂ ಹುರಿಯದೇ. ಹೊಕ್ಕಿನಂತೆ ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮುಂತಾದ ಬೇರೆ ಪ್ರೋಟೀನುಗಳು ಇದರೊಳಗೆ ಸೇರಿಕೊಂಡಿವೆ. ಕೊಲ್ಯಾಜನ್ನಿನ ಹುರಿ ಬಿಗಿಯಾಗಬೇಕಾದರೆ ‘ಸಿ’ ಜೀವಸತ್ವ ಬೇಕು. ಹಿಂದಿನ ಕಾಲದ ನಾವಿಕರು ತಿಂಗಳುಗಟ್ಟಲೆ ಹಣ್ಣು ಕಾಯಿಪಲ್ಲೆಯಿಲ್ಲದೆ ಸಮುದ್ರದ ಮೇಲಿದ್ದು ವಸಡುಗಳಲ್ಲಿ ರಕ್ತ ಸೋರಿ ನರಳಿದ್ದು ಇದರ ಕೊರತೆಯಿಂದಲೇ. ಹಿತ್ತಿಲ ನೆಲ್ಲಿಕಾಯಿಯನ್ನು ಕಡೆಗಣಿಸಬಾರದು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಈ ಕಾರಣಕ್ಕೇ.

ಒಳಪೊರೆಯು ಹರಿಯದೆ ಇರುವವರೆಗೂ ಈ ನೇಯ್ಗೆಯು ರಕ್ತದ ಕಣ್ಣಿಗೆ ಬೀಳುವುದಿಲ್ಲ. ಅಷ್ಟೇ ಅಲ್ಲ, ಒಳಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡ್, ಪ್ರೊಸ್ಟಸೈಕ್ಲಿನ್ ಎಂಬ ವಸ್ತುಗಳನ್ನು ಸೂಸುತ್ತಾ ಕಿರುತಟ್ಟೆಗಳನ್ನು ಶಾಂತವಾಗಿ ಇರಿಸುತ್ತವೆ. ಬಹುಪಾಲು ಕಿರುತಟ್ಟೆಗಳು ಕೊಲ್ಯಾಜನ್ನನ್ನು ಒಮ್ಮೆಯೂ ಕಾಣದೆಯೇ ತಮ್ಮ ಹತ್ತು ದಿನಗಳ ಬಾಳನ್ನು ಮುಗಿಸುತ್ತವೆ. ಕುಡುಗೋಲು ತಾಗಿದಾಗ, ಮುಳ್ಳು ಚುಚ್ಚಿದಾಗ, ಹಲ್ಲು ಕಿತ್ತಾಗ ಒಳಪೊರೆಯು ಹರಿದು, ಕೆಳಗಿನ ನೇಯ್ಗೆಯು ಬತ್ತಲೆಯಾಗುತ್ತದೆ. ಆಗ ಆರಂಭವಾಗುತ್ತದೆ ಅಂಟುವ ಕಾರ್ಯ.

ಉತ್ತರಾಣಿಯ ಬೀಜವು ಹಾದುಹೋಗುವವರ ಪಂಚೆಗೆ ಅಂಟುವುದನ್ನು ಎಲ್ಲರೂ ಬಲ್ಲರು. ಆದರೆ ಉತ್ತರಾಣಿಗೆ ಪಂಚೆಯೂ ಒಂದೇ, ಸೀರೆಯೂ ಒಂದೇ, ಮೇಕೆಯ ಕೂದಲೂ ಒಂದೇ. ಕಿರುತಟ್ಟೆಯ ಮೈಮೇಲಿನ ಕೊಕ್ಕೆಗಳು ಹಾಗಲ್ಲ. ಒಂದೊಂದು ಕೊಕ್ಕೆಯೂ ಒಂದು ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಗುರುತಿಸಿ ಹಿಡಿಯುತ್ತದೆ. ಇವುಗಳಿಗೆ ವಿಜ್ಞಾನದಲ್ಲಿ ಗ್ರಾಹಿಗಳೆಂದು ಹೆಸರು. ಇವೂ ಪ್ರೋಟೀನುಗಳೇ; ಸಕ್ಕರೆಯ ಅಂಶ ಕೂಡಿಕೊಂಡಿರುವುದರಿಂದ ಹಲವನ್ನು ಗ್ಲೈಕೋಪ್ರೋಟೀನುಗಳೆನ್ನುತ್ತಾರೆ. ಕಿರುತಟ್ಟೆಯ ಪೊರೆಯಲ್ಲಿ ಅರ್ಧ ಹುದುಗಿ, ಅರ್ಧ ಹೊರಕ್ಕೆ ಚಾಚಿ ನಿಂತಿರುತ್ತವೆ. ಅವು ಹಿಡಿಯುವುದಷ್ಟೇ ಅಲ್ಲ, ಏನನ್ನು ಹಿಡಿದೆವೆಂಬ ಸುದ್ದಿಯನ್ನು ಒಳಕ್ಕೂ ಮುಟ್ಟಿಸುತ್ತವೆ.

ಇಲ್ಲಿ ಒಂದು ತೊಡಕುಂಟು. ರಕ್ತವು ನಿಂತ ನೀರಲ್ಲ. ಕಿರಿಯ ಧಮನಿಗಳಲ್ಲಿ ಅದು ಭಾರಿ ರಭಸದಿಂದ ಹರಿಯುತ್ತದೆ. ಕೆಂಪು ಕಣಗಳು ಪ್ರವಾಹದ ನಡುಭಾಗವನ್ನು ಆಕ್ರಮಿಸಿ ಕಿರುತಟ್ಟೆಗಳನ್ನು ದಡದ ಕಡೆಗೆ ನೂಕುವುದರಿಂದ ಅವು ಗೋಡೆಯ ಹತ್ತಿರವೇ ಸಾಗುತ್ತವೆಯೆಂಬುದು ನಿಜ. ಆದರೂ ಅಷ್ಟು ವೇಗದಲ್ಲಿ ಸಾಗುವಾಗ ಗೋಡೆಯನ್ನು ಹಿಡಿಯುವುದು ಹೇಗೆ? ನಮ್ಮ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲನ್ನು ನೆನೆಯಿರಿ. (ಹೊಗೆಯ ಕಲ್ಲು ಎಂಬ ಆ ಹೆಸರೇ ಅಚ್ಚಗನ್ನಡವೆಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.) ಮಳೆಗಾಲದ ಕಾವೇರಿಯಲ್ಲಿ ಹರಿಗೋಲಿನಿಂದ ಬಿದ್ದವನಿಗೆ ಬಂಡೆಯು ಕೈಗೆ ಸಿಕ್ಕಂತೆ ಆದರೂ ಸಿಕ್ಕುವುದಿಲ್ಲ, ನೀರು ಸೆಳೆದೊಯ್ಯುತ್ತದೆ. ಬಂಡೆಗೆ ಕಟ್ಟಿದ ಉದ್ದನೆಯ ಹಗ್ಗವೊಂದು ನೀರಿನಲ್ಲಿ ತೇಲುತ್ತಿದ್ದರೆ ಅವನು ಅದನ್ನು ಹಿಡಿದು ಬದುಕಬಹುದು.

ರಕ್ತದಲ್ಲಿ ಅಂಥ ಹಗ್ಗವು ನಿಜವಾಗಿಯೂ ಇದೆ. ಅದರ ಹೆಸರು ವಾನ್ ವಿಲ್ಲೆಬ್ರಾಂಡ್ ಅಂಶ. ಅದು ಬಹಳ ಉದ್ದವಾದ ಪ್ರೋಟೀನು. ಸಾಮಾನ್ಯವಾಗಿ ನೂಲಿನ ಉಂಡೆಯಂತೆ ಸುತ್ತಿಕೊಂಡು ರಕ್ತದಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಗಾಯವಾದ ಕಡೆ ಅದರ ಒಂದು ಭಾಗವು ಕೊಲ್ಯಾಜನ್ನಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಕೂಡಲೇ ಪ್ರವಾಹದ ಎಳೆತಕ್ಕೆ ಉಂಡೆಯು ಬಿಚ್ಚಿ ನೀಳವಾಗುತ್ತದೆ. ಹಾಗೆ ಬಿಚ್ಚಿದಾಗ, ಒಳಗೆ ಮರೆಯಾಗಿದ್ದ ಹಿಡಿಕೆಗಳು ಹೊರಬರುತ್ತವೆ. ಪ್ರವಾಹವು ಬಲವಾದಷ್ಟೂ ಹಗ್ಗವು ಹೆಚ್ಚು ಬಿಚ್ಚಿಕೊಳ್ಳುವುದೆಂಬುದೇ ಇಲ್ಲಿಯ ಸೋಜಿಗ. ಎಲ್ಲಿ ರಕ್ತಸ್ರಾವದ ಅಪಾಯವು ಹೆಚ್ಚೋ ಅಲ್ಲಿಯೇ ಹಿಡಿಕೆಗಳೂ ಹೆಚ್ಚು.

ಈ ಹಿಡಿಕೆಯನ್ನು ಹಿಡಿಯುವ ಕೈಗೆ ಗ್ಲೈಕೋಪ್ರೋಟೀನ್ 1ಬಿ ಎಂದು ಹೆಸರು. ಒಂದೊಂದು ಕಿರುತಟ್ಟೆಯ ಮೇಲೂ ಸುಮಾರು 25,000 ಇವೆ. ಈ ಹಿಡಿತವು ಥಟ್ಟನೆ ಕೂಡುತ್ತದೆ, ಥಟ್ಟನೆ ಬಿಡುತ್ತದೆ. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುವುದರಿಂದ ಕಿರುತಟ್ಟೆಯು ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗುತ್ತದೆ. ನಿಧಾನವಾದಾಗಲೇ ಎರಡನೆಯ ಕೈಯಾದ ಗ್ಲೈಕೋಪ್ರೋಟೀನ್ 6ಕ್ಕೆ ಕೊಲ್ಯಾಜನ್ನನ್ನು ನೇರವಾಗಿ ಮುಟ್ಟಿ ನೋಡಲು ಪುರುಸೊತ್ತು ಸಿಗುತ್ತದೆ. ಇದು ಬಲಿಷ್ಠವಾದ ಕೈಯಲ್ಲ. ಇದರ ಕೆಲಸ ಸುದ್ದಿ ಮುಟ್ಟಿಸುವುದು. ‘ಇಲ್ಲಿ ಗಾಯವಾಗಿದೆ’ ಎಂಬ ಸುದ್ದಿ ಒಳಗೆ ಹೋದೊಡನೆ ಕಿರುತಟ್ಟೆಯ ನಡತೆಯೇ ಬದಲಾಗುತ್ತದೆ. ದುಂಡಗಿದ್ದುದು ಮುಳ್ಳುಮುಳ್ಳಾಗಿ ಚಾಚಿಕೊಳ್ಳುತ್ತದೆ. ಒಳಗಿನ ಚೀಲಗಳನ್ನು ಬಿಚ್ಚಿ, ಹತ್ತಿರದ ಕಿರುತಟ್ಟೆಗಳನ್ನು ಕೂಗಿ ಕರೆಯುವ ರಾಸಾಯನಿಕಗಳನ್ನು ಚೆಲ್ಲುತ್ತದೆ.

ಇನ್ನು ಮೂರನೆಯ ಬಗೆಯ ಕೈಗಳು. ಇವುಗಳಿಗೆ ಇಂಟೆಗ್ರಿನ್‌ಗಳೆಂದು ಹೆಸರು. ಸುದ್ದಿ ಬರುವ ಮುನ್ನ ಇವು ಮಡಿಸಿಕೊಂಡು ಬಾಗಿ ನಿಂತಿರುತ್ತವೆ; ಬಂದೊಡನೆ ನೆಟ್ಟಗಾಗಿ ಅಂಗೈ ಬಿಚ್ಚುತ್ತವೆ. ಒಂದು ಇಂಟೆಗ್ರಿನ್ ಕೊಲ್ಯಾಜನ್ನನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೆ ಮೆಗ್ನೀಸಿಯಂ ಅಯಾನುಗಳು ಬೇಕು. ಸೇಲಮ್ಮಿನ ಬಿಳಿ ಗುಡ್ಡಗಳಿಂದ ಅಗೆದು ತೆಗೆಯುವ ಮ್ಯಾಗ್ನಸೈಟಿನಲ್ಲಿರುವ ಲೋಹವೇ ಅದು. (ಆದಕಾರಣ ಮ್ಯಾಗ್ನಸೈಟನ್ನು ಅರೆದು ಕುಡಿಯಬಹುದೆಂದು ಯಾರೂ ಭಾವಿಸದಿರಲಿ, ದೇಹಕ್ಕೆ ಬೇಕಾದಷ್ಟು ಮೆಗ್ನೀಸಿಯಂ ರಾಗಿಯಲ್ಲಿಯೂ ಸೊಪ್ಪಿನಲ್ಲಿಯೂ ಇದೆ.) ಇನ್ನೊಂದು ಇಂಟೆಗ್ರಿನ್, ಗ್ಲೈಕೋಪ್ರೋಟೀನ್ 2ಬಿ-3ಎ, ಎಲ್ಲಕ್ಕಿಂತ ಸಂಖ್ಯೆಯಲ್ಲಿ ಹೆಚ್ಚು: ಒಂದು ಕಿರುತಟ್ಟೆಗೆ ಸುಮಾರು 80,000. ಇದು ಫೈಬ್ರಿನೋಜೆನ್ ಎಂಬ ಪ್ರೋಟೀನಿನ ಒಂದು ತುದಿಯನ್ನು ಹಿಡಿದರೆ, ಇನ್ನೊಂದು ತುದಿಯನ್ನು ಪಕ್ಕದ ಕಿರುತಟ್ಟೆಯು ಹಿಡಿಯುತ್ತದೆ. ಹೀಗೆ ಕೈಗೆ ಕೈ ಕೂಡಿ ಗಾಯದ ಬಾಯಿಗೆ ಬಿರಡೆ ಬೀಳುತ್ತದೆ. ಆ ಮೇಲೆ ರಕ್ತವು ಹೆಪ್ಪುಗಟ್ಟಿ ಬಿರಡೆಯನ್ನು ಭದ್ರಪಡಿಸುವುದು ಬೇರೊಂದು ಅಧ್ಯಾಯ. ಇಂಟೆಗ್ರಿನ್‌ಗಳನ್ನು ಬೆಳಕಿಗೆ ತಂದ ಹೈನ್ಸ್, ರುವೊಸ್ಲಾಟಿ, ಸ್ಪ್ರಿಂಗರ್ ಎಂಬ ಮೂವರಿಗೆ 2022ರಲ್ಲಿ ಅಮೆರಿಕದ ಲಸ್ಕರ್ ಪ್ರಶಸ್ತಿಯು ಸಂದಿತು.

ಈ ಕೈಗಳನ್ನು ಕಟ್ಟಿಹಾಕುವ ವಿದ್ಯೆಯನ್ನು ಮನುಷ್ಯನಿಗಿಂತ ಮೊದಲು ಕಲಿತದ್ದು ಹಾವು. ನಮ್ಮ ಒಣಭೂಮಿಯ ಕಲ್ಲುಗಳ ಸಂದಿಯಲ್ಲಿ, ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಮಾಡುವ ಗರಗಸಮಂಡಲವನ್ನು ಹಲವರು ಕಂಡಿರಬಹುದು. ತಮಿಳಿನಲ್ಲಿ ಅದಕ್ಕೆ ಸುರುಟ್ಟೈ ವಿರಿಯನ್ ಎಂದು ಹೆಸರು. ಅದರ ವಿಷದಲ್ಲಿ ಎಕಿಸ್ಟಾಟಿನ್ ಎಂಬ, ಕೇವಲ 49 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನುಂಟು. ಅದು 2ಬಿ-3ಎ ಕೈಯ ಅಂಗೈಯೊಳಗೆ ತಾನೇ ಹೋಗಿ ಕುಳಿತು, ಫೈಬ್ರಿನೋಜೆನ್ನಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಅದನ್ನು ಮಾದರಿಯಾಗಿ ಇಟ್ಟುಕೊಂಡು ರೂಪಿಸಿದ ಟಿರೋಫಿಬಾನ್ ಎಂಬ ಔಷಧಿಯು 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹೃದಯದ ರಕ್ತನಾಳದಲ್ಲಿ ಬೇಡದ ಬಿರಡೆ ಬೀಳುವಾಗ ಅದನ್ನು ತಡೆಯಲು ವೈದ್ಯರು ಅದನ್ನು ಕೊಡುತ್ತಾರೆ. ಹಾವು ಕಚ್ಚಿದವನಿಗೆ ಮಾತ್ರ ಇದರಿಂದ ಏನೂ ಸಮಾಧಾನವಿಲ್ಲ. ಅವನಿಗೆ ಬೇಕಾದದ್ದು ಆಸ್ಪತ್ರೆ ಮತ್ತು ಪ್ರತಿವಿಷ, ಅದೂ ತಡವಿಲ್ಲದೆ.

ಹುಟ್ಟಿನಿಂದಲೇ ಈ ಕೈಗಳಿಲ್ಲದ ಮಕ್ಕಳೂ ಇದ್ದಾರೆ. ನಾನು ಈ ಲೇಖನವನ್ನು ಬರೆಯಲು ಒಪ್ಪಿಕೊಂಡದ್ದೇ ಅವರಿಗಾಗಿ.

1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾನ್ಸ್‌ಮನ್ ಒಂದು ವಿಚಿತ್ರವನ್ನು ವರದಿಮಾಡಿದನು. ಕೆಲವು ಮಕ್ಕಳಿಗೆ ಮೂಗಿನಿಂದ, ವಸಡಿನಿಂದ ರಕ್ತ ಸುರಿಯುತ್ತದೆ; ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಏಳುತ್ತವೆ. ಕಿರುತಟ್ಟೆಗಳನ್ನು ಎಣಿಸಿದರೆ ಸಂಖ್ಯೆ ಸರಿಯಾಗಿಯೇ ಇದೆ, ಆಕಾರವೂ ಸರಿಯಾಗಿದೆ. ಇಂಥವರ ರಕ್ತವನ್ನು ಗಾಜಿನ ನಳಿಗೆಯಲ್ಲಿಟ್ಟರೆ ಹೆಪ್ಪೇನೋ ಕಟ್ಟುತ್ತದೆ. ಆದರೆ ಕತ್ತರಿಸಿದ ಗಟ್ಟಿ ಮೊಸರು ನೀರು ಬಿಟ್ಟು ಕುಗ್ಗುವಂತೆ ಆ ಹೆಪ್ಪು ಕುಗ್ಗುವುದಿಲ್ಲ. ಕಾರಣವು ಗೊತ್ತಾದದ್ದು 1974ರಲ್ಲಿ, ಪ್ಯಾರಿಸ್ಸಿನಲ್ಲಿ: ಆ ಕಿರುತಟ್ಟೆಗಳಲ್ಲಿ 2ಬಿ-3ಎ ಎಂಬ ಕೈ ಇರಲಿಲ್ಲ. ಅವು ಗಾಯದ ಗೋಡೆಯನ್ನು ಒಂದಷ್ಟು ಮುಟ್ಟಬಲ್ಲವು, ಆದರೆ ಒಂದನ್ನೊಂದು ಹಿಡಿಯಲಾರವು. ಫ್ರಾನ್ಸಿನ ಬರ್ನಾರ್ ಮತ್ತು ಸೂಲಿಯೆ ಎಂಬವರು 1948ರಲ್ಲಿ ವರ್ಣಿಸಿದ ಇನ್ನೊಂದು ರೋಗದಲ್ಲಿ ಇಲ್ಲದಿರುವುದು 1ಬಿ ಎಂಬ, ಹಗ್ಗವನ್ನು ಹಿಡಿಯುವ ಕೈ. ಅದರಲ್ಲಿ ಕಿರುತಟ್ಟೆಗಳು ದೊಡ್ಡದಾಗಿ, ಸಂಖ್ಯೆಯಲ್ಲಿಯೂ ಕಡಿಮೆಯಾಗಿರುತ್ತವೆ; ಆದ್ದರಿಂದ ಬೇರೊಂದು ರೋಗವೆಂದು ತಪ್ಪಾಗಿ ಎಣಿಸಿ ಚಿಕಿತ್ಸೆ ಮಾಡುವ ಸಂಭವವುಂಟು. ಕೈಗಳೆಲ್ಲ ಸರಿಯಿದ್ದು ಹಗ್ಗವೇ ಕೊರತೆಯಾದರೆ ಅದು ವಾನ್ ವಿಲ್ಲೆಬ್ರಾಂಡ್ ರೋಗ.

ಗ್ಲಾನ್ಸ್‌ಮನ್ ರೋಗವು ಪ್ರಪಂಚದಲ್ಲಿ ಬಹಳ ವಿರಳ. ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಎಂದು ಗ್ರಂಥಗಳು ಹೇಳುತ್ತವೆ. ಹೀಗಿರುವಾಗ, ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1981ರಲ್ಲಿ ದಕ್ಷಿಣ ಭಾರತದ 42 ರೋಗಿಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದೇ ಆಸ್ಪತ್ರೆಯಲ್ಲಿ ನಲವತ್ತೆರಡು ಮಂದಿ! ಈ ರೋಗವು ಎಲ್ಲಿ ಹೆಚ್ಚು ಎಂದು ವೈದ್ಯಗ್ರಂಥಗಳು ಪಟ್ಟಿ ಮಾಡುವಾಗ ಇರಾಕಿನ ಯೆಹೂದಿಗಳು, ಜೋರ್ಡಾನಿನ ಅರಬರು, ಫ್ರಾನ್ಸಿನ ಅಲೆಮಾರಿ ಜಿಪ್ಸಿಗಳು ಇವರ ಜೊತೆಗೆ ದಕ್ಷಿಣ ಭಾರತದ ಹಿಂದೂಗಳ ಹೆಸರನ್ನೂ ಹೇಳುತ್ತವೆ. ಈ ನಾಲ್ವರಿಗೂ ಸಾಮಾನ್ಯವಾದದ್ದು ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ರೂಢಿ.

ಇದನ್ನು ಹೇಳುವಾಗ ಕೆಲವರ ಮುಖ ಗಂಟಿಕ್ಕುವುದೆಂದು ನಾನು ಬಲ್ಲೆ. ತಮಿಳರಾಗಲಿ, ತೆಲುಗರಾಗಲಿ, ಇಲ್ಲಿ ಬಾಳುವ ಕನ್ನಡಿಗರಾದ ನಾವಾಗಲಿ, ಅಕ್ಕನ ಮಗಳನ್ನು ತರುವುದನ್ನೂ ಸೋದರತ್ತೆಯ ಮಗನಿಗೆ ಕೊಡುವುದನ್ನೂ ತಲೆಮಾರುಗಳಿಂದ ನಡೆಸಿಕೊಂಡು ಬಂದವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ತಮಿಳುನಾಡಿನಲ್ಲಿ ನೂರಕ್ಕೆ 28, ಕರ್ನಾಟಕದಲ್ಲಿ ನೂರಕ್ಕೆ 27 ವಿವಾಹಗಳು ರಕ್ತಸಂಬಂಧದಲ್ಲಿ ನಡೆದವುಗಳೆಂದು ಕಂಡುಬಂದಿದೆ. ಇಂಥ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಆದರೆ ಲೆಕ್ಕವು ಹೀಗಿದೆ. ಕೈಯನ್ನು ರಚಿಸುವ ಸೂಚನೆಯು ಪ್ರತಿಯೊಬ್ಬರಲ್ಲಿಯೂ ಎರಡು ಪ್ರತಿಗಳಲ್ಲಿರುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಆ ಮನುಷ್ಯನಿಗೆ ಜೀವಮಾನವಿಡೀ ಏನೂ ಗೊತ್ತಾಗುವುದಿಲ್ಲ. ಅಜ್ಜಿಯಲ್ಲಿದ್ದ ಒಂದು ಕೆಟ್ಟ ಪ್ರತಿಯು ಅವಳ ಮಗಳಿಗೂ ಮಗನಿಗೂ ಬಂದಿರಬಹುದು; ಮಗಳಿಂದ ಮೊಮ್ಮಗಳಿಗೂ ಇಳಿದಿರಬಹುದು. ಆ ಮೊಮ್ಮಗಳನ್ನು ಸೋದರಮಾವನು ಕೈಹಿಡಿದಾಗ, ಅಜ್ಜಿಯ ಅದೇ ಒಂದು ಪ್ರತಿಯು ಎರಡು ದಾರಿಯಿಂದ ಬಂದು ಒಂದೇ ಕೂಸಿನಲ್ಲಿ ಜೊತೆಯಾಗಬಹುದು. ಗಂಡಹೆಂಡಿರಿಬ್ಬರಲ್ಲಿಯೂ ಆ ಪ್ರತಿಯಿದ್ದರೆ, ಪ್ರತಿಯೊಂದು ಹೆರಿಗೆಯಲ್ಲಿಯೂ ರೋಗದ ಸಂಭವವು ನಾಲ್ಕರಲ್ಲಿ ಒಂದು. ಯಾರ ಪಾಪವೂ ಅಲ್ಲ, ಶಾಪವೂ ಅಲ್ಲ. ಆದರೆ ಮನೆತನದಲ್ಲಿ ಇಂಥ ಒಂದು ಮಗು ಹುಟ್ಟಿದ ಮೇಲೆಯೂ ಅದೇ ಮನೆತನದೊಳಗೆ ಸಂಬಂಧ ಬೆಳೆಸುವುದು ವಿವೇಕವಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ.

ನನ್ನ ಸೇವಾವಧಿಯಲ್ಲಿ ಇಂಥ ಒಬ್ಬ ಹುಡುಗನನ್ನು ನಾನು ಕಂಡಿದ್ದೇನೆ. ಆರನೆಯ ತರಗತಿ, ಲೆಕ್ಕದಲ್ಲಿ ಚುರುಕು. ತಿಂಗಳಿಗೊಮ್ಮೆಯಾದರೂ ಮೂಗಿನಿಂದ ರಕ್ತ ಬಂದು ಅಂಗಿ ತೊಯ್ಯುತ್ತಿತ್ತು. ಕಾಲಿನ ಮೇಲಿನ ಕಲೆಗಳನ್ನು ಕಂಡು ಮನೆಯವರು ಹೊಡೆಯುತ್ತಾರೆಂದು ಶಾಲೆಯಲ್ಲಿ ಕೆಲವರು ಮಾತಾಡಿಕೊಂಡರು. ಶಾಲೆಯಲ್ಲಿ ಹೊಡೆಯುತ್ತಾರೆಂದು ಮನೆಯವರು ಶಂಕಿಸಿದರು. ಒಂದು ಆಸ್ಪತ್ರೆಯಲ್ಲಿ ಎಣಿಕೆ ಸರಿಯಾಗಿದೆ, ಉಷ್ಣದ ದೇಹ, ಎಳನೀರು ಕೊಡಿ ಎಂದು ಹೇಳಿ ಕಳುಹಿಸಿದರು. ತಾಯಿಯೊಬ್ಬಳೇ ಒಪ್ಪಲಿಲ್ಲ. ಎಣಿಕೆ ಸರಿಯಿದ್ದರೆ ರಕ್ತವೇಕೆ ನಿಲ್ಲುವುದಿಲ್ಲ ಎಂಬ ಒಂದೇ ಮಾತನ್ನು ಆಕೆ ಹಿಡಿದು ನಿಂತಳು. ಓದು ಬಾರದ ಹೆಣ್ಣುಮಗಳು ಕೇಳಿದ ಆ ಪ್ರಶ್ನೆ ಗ್ಲಾನ್ಸ್‌ಮನ್ನನ ಪ್ರಶ್ನೆಯೇ ಆಗಿತ್ತು. ಕೊನೆಗೆ ವೆಲ್ಲೂರಿನಲ್ಲಿ ರೋಗಕ್ಕೆ ಹೆಸರು ಸಿಕ್ಕಿತು. ಹೆಸರು ಸಿಕ್ಕಿದ ಮಾತ್ರಕ್ಕೆ ಗುಣವಾಗಲಿಲ್ಲ, ನಿಜ. ಆದರೆ ಆ ಮೇಲೆ ಹುಡುಗನನ್ನು ಯಾರೂ ಅನುಮಾನದಿಂದ ನೋಡಲಿಲ್ಲ, ತಿಳಿಯದೆ ಹಲ್ಲು ಕೀಳಲಿಲ್ಲ.

ಹುಡುಗಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಾನ್ ವಿಲ್ಲೆಬ್ರಾಂಡ್ ಎಂಬ ವೈದ್ಯನು ಆ ರೋಗವನ್ನು ಗುರುತಿಸಿದ್ದು ಫಿನ್ಲೆಂಡಿನ ಓಲಂಡ್ ದ್ವೀಪಗಳ ಹ್ಯೋರ್ಡಿಸ್ ಎಂಬ ಹುಡುಗಿಯಲ್ಲಿ. 1924ರಲ್ಲಿ ಅವನ ಬಳಿಗೆ ಬಂದಾಗ ಅವಳಿಗೆ ಐದು ವರ್ಷ. ಅವಳ ಮನೆತನವನ್ನು ಕುರಿತ ಪ್ರಬಂಧವು 1926ರಲ್ಲಿ ಪ್ರಕಟವಾಯಿತು. ಹದಿಮೂರನೆಯ ವಯಸ್ಸಿನಲ್ಲಿ, ಮೈನೆರೆದ ಕೆಲವೇ ತಿಂಗಳಲ್ಲಿ, ಮುಟ್ಟಿನ ರಕ್ತವು ನಿಲ್ಲದೆ ಅವಳು ತೀರಿಕೊಂಡಳು. ನಮ್ಮಲ್ಲಿ ಹುಡುಗಿಯು ಮೈನೆರೆದಾಗ ಆರತಿ ಎತ್ತಿ ಸಿಹಿ ಹಂಚುತ್ತೇವೆ. ಆ ಬಳಿಕ ಅವಳಿಗೆ ಎಷ್ಟು ದಿನ, ಎಷ್ಟು ಸ್ರಾವವೆಂದು ಕೇಳಲು ನಾಚುತ್ತೇವೆ. ಏಳು ದಿನಕ್ಕೂ ಮೀರಿ ಹರಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ಹುಡುಗಿ ಬಿಳಿಚಿಕೊಂಡರೆ, ‘ನನಗೂ ಹಾಗೆಯೇ ಇತ್ತು’ ಎಂದು ತಾಯಂದಿರು ಸುಮ್ಮನಾಗಬಾರದು. ತಾಯಿಗೂ ಹಾಗೆಯೇ ಇದ್ದದ್ದು ರೋಗವು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಮನೆತನದಲ್ಲಿ ಇದೆಯೆಂಬುದಕ್ಕೇ ಸಾಕ್ಷಿಯಾಗಬಹುದು.

ಚಿಕಿತ್ಸೆಯ ವಿಷಯವನ್ನು ವೈದ್ಯರೇ ಹೇಳಬೇಕು. ಸ್ರಾವವನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯಿದೆ. ಅಗತ್ಯವಿದ್ದಾಗ ಬೇರೆಯವರ ಕಿರುತಟ್ಟೆಗಳನ್ನು ಏರಿಸುತ್ತಾರೆ. ಆದರೆ ಗ್ಲಾನ್ಸ್‌ಮನ್ ರೋಗಿಯ ದೇಹವು ತಾನೆಂದೂ ಕಾಣದ ಆ ಕೈಗಳನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಹುಟ್ಟಿಸಬಹುದು. ಆಗ ಮುಂದಿನ ಸಲ ಏರಿಸಿದ ಕಿರುತಟ್ಟೆಗಳು ಉಪಯೋಗಕ್ಕೆ ಬಾರದೆ ಹೋಗುತ್ತವೆ. ಆದುದರಿಂದ ಸಣ್ಣಪುಟ್ಟ ಸ್ರಾವಕ್ಕೆಲ್ಲ ಅವಸರದಿಂದ ಏರಿಸುವುದಿಲ್ಲ.

ಮನೆಯಲ್ಲಿಯೂ ಶಾಲೆಯಲ್ಲಿಯೂ ಮಾಡಬಹುದಾದುದು ಇಷ್ಟು. ಮೂಗಿನಿಂದ ರಕ್ತ ಬಂದರೆ ಮಗುವನ್ನು ಕೂರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ತಲೆಯನ್ನು ಹಿಂದಕ್ಕೆ ವಾಲಿಸಿದರೆ ರಕ್ತವು ಗಂಟಲಿಗೆ ಇಳಿಯುತ್ತದೆ. ಇಂಥ ಮಕ್ಕಳಿಗೆ ಆಸ್ಪಿರಿನ್ನನ್ನು ಕೊಡಬಾರದು. ಅದು ಒಂದೊಂದು ಕಿರುತಟ್ಟೆಯ ಕೂಗನ್ನೂ ಅದರ ಆಯುಷ್ಯ ಮುಗಿಯುವವರೆಗೆ ಅಡಗಿಸಿಬಿಡುತ್ತದೆ. ಐಬುಪ್ರೊಫೇನ್ ಮುಂತಾದ ನೋವಿನ ಮಾತ್ರೆಗಳೂ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂರುವ ಮುನ್ನ, ಕಿವಿ ಚುಚ್ಚಿಸುವ ಮುನ್ನ, ಶಸ್ತ್ರಕ್ರಿಯೆಗೆ ಒಪ್ಪಿ ಸಹಿ ಹಾಕುವ ಮುನ್ನ, ಮಗುವಿಗೆ ಮೊದಲು ರಕ್ತ ನಿಲ್ಲಲು ಎಷ್ಟು ಹೊತ್ತಾಗಿತ್ತು, ತಂದೆತಾಯಿಗಳು ಮದುವೆಗೆ ಮುಂಚೆ ಪರಸ್ಪರ ಏನಾಗಬೇಕಿತ್ತು, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಿದೆಯೇ ಎಂಬ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಕೈಗೆ ಕೊಡಿರಿ. ಎಣಿಕೆಯ ವರದಿಯನ್ನು ತೋರಿಸಿ ಅವರು ಸಮಾಧಾನ ಹೇಳಿದರೆ, ಕಿರುತಟ್ಟೆಗಳ ಕೆಲಸವನ್ನು ಅಳೆಯುವ ಪರೀಕ್ಷೆಯನ್ನೂ ಎಲ್ಲಿ ಮಾಡಿಸಬಹುದೆಂದು ವಿನಯದಿಂದ ಕೇಳಿರಿ.